ಇರುವೆ ಸಾಯದ ಮಷೀನು

ನನ್ನ ಅಕ್ಕನ ಗಂಡ ಪಾರೀಸ ಮಾಮಾ ಒಂದು ಜಾಗದಲ್ಲಿ ಹತ್ತು ನಿಮಿಷ ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ಎರಡನೇ ರೊಟ್ಟಿಗೆ ಎದ್ದುಬಿಡುತ್ತಾರೆ. ಯಾಕೆ ಎಂದು ಕೇಳಿದರೆ, “ಮೂರನೇ ಮಗ್ಗ ಕುಂಟಾಕತ್ತೈತಿ, ನಿನಗ ಕೇಳಸವಲ್ದೇನ?” ಎಂದು ನನ್ನನ್ನೇ ಗದರಿಸುತ್ತಾರೆ. ನಮ್ಮಂಥವರಿಗೆ ಕೇಳುವುದು ಖಡಖಡ ಖಡಖಡ ಎಂಬ ಒಂದೇ ಗದ್ದಲ. ಅವರಿಗೆ ಅದರೊಳಗೆ ಎಂಟು ಮಗ್ಗ ಬೇರೆಬೇರೆಯಾಗಿ ಕೇಳುತ್ತವೆ. ಬಾಯಲ್ಲಿ ತುತ್ತು ಇರುವಾಗಲೇ ಎದ್ದು ಹೋಗಿ, ಹರಿದ ನೂಲನ್ನು ಎಳೆದು ಕಟ್ಟಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬಂದು ಮತ್ತೆ ಕೂಡುತ್ತಾರೆ. ಅಷ್ಟರಲ್ಲಿ ಪಲ್ಯ ಆರಿರುತ್ತದೆ. ಅಕ್ಕ ಬಿಸಿ ಮಾಡಿ ಮತ್ತೆ ಬಡಿಸುತ್ತಾಳೆ. ನಾನಾಗಿದ್ದರೆ ತಾಟನ್ನೇ ಎತ್ತಿ ಒಳಗಿಡುತ್ತಿದ್ದೆ.

ಅವರ ಮನೆ ಇರುವುದು ಕಬನೂರದಲ್ಲಿ, ಇಚಲಕರಂಜಿಗೆ ಅಂಟಿಕೊಂಡಂತೆ. ಮುಂದೆ ಕರೆಂಟಿನ ಮಗ್ಗದ ಶೆಡ್ಡು, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ನಲವತ್ತು ವರ್ಷದ ಹಿಂದೆ ಎರಡು ಹಳೇ ಮಗ್ಗ ಹಾಕಿ ಶುರುಮಾಡಿದಾಗ ಮಾಣಿಕಬಾಯಿ ಅಕ್ಕ ಒಂದು ಕಡೆ ಕೂಸಿನ ತೊಟ್ಟಿಲು ತೂಗುತ್ತ ಇನ್ನೊಂದು ಕಡೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಮಗಳು ಮದುವೆಯಾಗಿ ಸಾಂಗಲಿಗೆ ಹೋದಳು. ಜಮಖಂಡಿ ಕಡೆಯ ಯಮನಪ್ಪ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಮನೆ ಮಾತ್ರ ಹಾಗೇ ಉಳಿಯಿತು, ಆ ಬಾಗಿಲೂ ಹಾಗೇ ಉಳಿಯಿತು. ಅದರ ಸಂದಿಯಿಂದ ನೂಲಿನ ತುಪ್ಪಳ ಹಗಲೆಲ್ಲ ಒಳಗೆ ಬರುತ್ತಿತ್ತು. ಕಣಕದ ಮೇಲೆ ಬಟ್ಟೆ ಮುಚ್ಚಲು ಮರೆತರೆ ಹೋಳಿಗೆಗೆ ಕೂದಲು ಬಂದಂತೆ ಕಾಣುತ್ತಿತ್ತು. ಫ್ಯಾನಿನ ರೆಕ್ಕೆ ಒರೆಸಿದರೆ ಒಂದು ಸಣ್ಣ ದಿಂಬು ತುಂಬುವಷ್ಟು ಸಿಗುತ್ತಿತ್ತು. ಅಕ್ಕ ದಿನಕ್ಕೆ ಮೂರು ಸಲ ಕಸ ಹೊಡೆಯುತ್ತಿದ್ದಳು, ಮೂರು ಸಲವೂ ಕೆಮ್ಮುತ್ತಿದ್ದಳು.

ಹೋದ ಮಾರ್ಚಿನಲ್ಲಿ ಆ ಕೆಮ್ಮು ದಮ್ಮಾಯಿತು. ನಾಲ್ಕು ಮೆಟ್ಟಿಲು ಏರಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಗಡಹಿಂಗ್ಲಜದಿಂದ ಹೋಗಿ, ಮಾಮಾನನ್ನೂ ಹೊರಡಿಸಿ, ಅಕ್ಕನ ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಎದೆಗೆ ಕಿವಿಗೊಟ್ಟರು, ಊದಿಸಿ ನೋಡಿದರು, ಕಡೆಗೆ ಮಾಮಾನನ್ನು ಒಬ್ಬರನ್ನೇ ಒಳಗೆ ಕರೆದರು. ಹೊರಗೆ ಬಂದಾಗ ಮಾಮಾ ಚಷ್ಮಾ ಒರೆಸಿಕೊಳ್ಳುತ್ತಿದ್ದರು.

“ಕಸಬರಿಗಿ ಬಂದ್. ಅದರಿಂದ ಧೂಳ ಏಳತೈತಂತ. ಧೂಳ ಎಳಕೊಳ್ಳೂ ಮಷೀನ ಸಿಗತೈತಲ್ಲ, ಅದನ್ನ ತರಬೇಕಂತ.”

“ಮತ್ತೇನಂದ್ರು?” ಎಂದೆ.

“ಮತ್ತೇನ್ ಅಂತಾರ? ಗುಳಿಗಿ ಬರದ್ಕೊಟ್ಟಾರ. ನಡೀರಿ, ರಿಕ್ಷಾ ನಿಂತೈತಿ.”

ರಿಕ್ಷಾದಲ್ಲಿ ಅಕ್ಕ ಉಸಿರು ಹಿಡಿದು ಹಿಡಿದು ತನ್ನ ಶರತ್ತು ಹೇಳಿದಳು. “ಮಷೀನ ತರ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದರಾಗ ಒಂದ ಇರಿವಿ ಸತ್ತರೂ ನಾ ಅದನ್ನ ಮುಟ್ಟಾಕಿ ಅಲ್ಲ.”

ನಮ್ಮದು ಜೈನರ ಮನೆ. ಕತ್ತಲಾದ ಮೇಲೆ ತಿನ್ನುವುದಿಲ್ಲ, ನೀರನ್ನು ಸೋಸದೆ ಕುಡಿಯುವುದಿಲ್ಲ. ಇದೆಲ್ಲ ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ಅಕ್ಕನದು ಒಂದು ಕೈ ಮೇಲೆ. ಇರುವೆ ಸಾಲು ಬಂದರೆ ಅರಿಸಿನದ ಗೆರೆ ಎಳೆದು ದಾರಿ ತಿರುಗಿಸುತ್ತಾಳೆ. ಅಕ್ಕಿಯಲ್ಲಿ ಹುಳ ಕಂಡರೆ ಮೊರದಲ್ಲಿ ಹರಡಿ, ಒಂದೊಂದನ್ನೇ ಎತ್ತಿ ಅಂಗಳದ ನೆರಳಿಗೆ ಬಿಟ್ಟು ಬರುತ್ತಾಳೆ. ಅದಕ್ಕೆ ‘ಶೋಧ’ ಎನ್ನುತ್ತಾಳೆ. ಅಂಥವಳಿಗೆ ಗರ್ರೆಂದು ಎಳೆದು ನುಂಗುವ ಮಷೀನನ್ನು ಒಪ್ಪಿಸುವುದೆಂದರೇನು ಹುಡುಗಾಟವೇ?

ಮಾಮಾನಿಗೆ ಮಾತ್ರ ಆ ಶರತ್ತು ಕೇಳಿ ಒಳಗೊಳಗೇ ಖುಷಿಯಾದಂತಿತ್ತು. ತಿರುಗಾಡಲು ಕಾರಣ ಸಿಕ್ಕಿತಲ್ಲ! ಅಕ್ಕನನ್ನು ನನ್ನ ಜೊತೆ ಗಡಹಿಂಗ್ಲಜಕ್ಕೆ ಕಳಿಸಿ, ಮರುದಿನವೇ ಅಂಗಡಿ ತಿರುಗಲು ಹೊರಟರು.

ಗಡಹಿಂಗ್ಲಜದಲ್ಲಿ ನಾನು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತಳಾದವಳು. ಮನೆ ನದಿಯ ಕಡೆಗಿದೆ, ಗಾಳಿ ಚೆನ್ನಾಗಿದೆ. ಮೂರನೇ ದಿನಕ್ಕೆ ಅಕ್ಕ ಮಲಗುವಾಗ ತಲೆಗೆ ಒಟ್ಟಿಕೊಳ್ಳುತ್ತಿದ್ದ ದಿಂಬುಗಳಲ್ಲಿ ಎರಡು ಕಡಿಮೆ ಮಾಡಿದಳು. ಎಂಟನೇ ದಿನ ಹಪ್ಪಳದ ಬುಟ್ಟಿ ಎತ್ತಿಕೊಂಡು ಮಾಳಿಗೆ ಹತ್ತಿದಳು. ಹತ್ತಿ ಮೇಲೆ ನಿಂತು, ತನಗೇ ನಂಬಿಕೆಯಾಗದೆ, “ರತ್ನಾ, ನಾ ಎಲ್ಲಿ ನಿಂತೇನಿ ನೋಡ” ಎಂದು ಕೂಗಿದಳು. ನನಗೆ ಕಣ್ಣು ತುಂಬಿ ಬಂತು. ಕೂಡಲೇ ಮಾಮಾನಿಗೆ ಫೋನು ಮಾಡಿ ಹೇಳಿದೆ.

“ಹವಾ ಬದಲಾತಲ್ಲ, ಅದಕ್ಕ” ಎಂದರು. ಅಷ್ಟೇ. ಮುಂದಿನ ಮಾತಿಗೇ ಮಷೀನು. “ಇವತ್ತ ಒಂದ ನೋಡೇನಿ. ಒಳಗ ನೀರ ಇರತೈತಂತ, ಧೂಳ ನೀರಾಗ ಬೀಳತೈತಂತ. ನಾ ಅಂದೆ, ಏ ತಮ್ಮಾ, ಇದು ಇರಿವಿ ಮುಳಗಿಸಿ ಕೊಲ್ಲೂ ಮಷೀನ, ತಗದಿಡ ಒಳಗ!”

ಪ್ರತಿ ಭಾನುವಾರ ಎಸ್‌ಟಿ ಬಸ್ಸು ಹಿಡಿದು ಬರುತ್ತಿದ್ದರು, ಚೀಲದ ತುಂಬ ಮಷೀನುಗಳ ಬಣ್ಣದ ಕಾಗದ ತರುತ್ತಿದ್ದರು. ಚೀಲ ಇರುವ ಮಷೀನು ಬೇಡ, ಚೀಲದಲ್ಲಿ ಇರುವೆಗೆ ಉಸಿರು ಕಟ್ಟುತ್ತದೆ. ತಾನೇ ಓಡಾಡುವ ದುಂಡನೆಯ ಮಷೀನು ಬೇಡ, ಎದುರಿಗೆ ಜೀವ ಬಂದರೆ ನಿಲ್ಲು ಎನ್ನುವವರು ಯಾರು? ಉದ್ದ ಕೋಲಿನದು ಬೇಡ, ಬಾಯಲ್ಲಿ ತಿರುಗುವ ಬ್ರಷ್ಷಿದೆ, ಪುಡಿ ಮಾಡಿಬಿಡುತ್ತದೆ. ಇಷ್ಟು ಹೇಳುವಷ್ಟರಲ್ಲಿ ನಾಲ್ಕು ಸಲ ಎದ್ದು, ನನ್ನ ಮನೆಯ ನಲ್ಲಿ ತಿರುವಿ, ಕಿಟಕಿ ಅಲುಗಾಡಿಸಿ, ಐದನೇ ಸಲಕ್ಕೆ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಡುತ್ತಿದ್ದರು. ಅಕ್ಕನ ಉಸಿರು ಹೇಗಿದೆ ಎಂದು ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ. ನನಗೆ ಮೈ ಉರಿಯುತ್ತಿತ್ತು. ಅಕ್ಕ ಮಾತ್ರ, “ನನ್ನ ಸಲುವಾಗಿ ಎಷ್ಟ ತಿರಗಾಕತ್ತಾರ ನೋಡ” ಎಂದು ಮರುಗುತ್ತಿದ್ದಳು.

ಐದನೇ ವಾರ ನನ್ನ ತಾಳ್ಮೆ ಮುಗಿಯಿತು. ಇವತ್ತು ಒಂದನ್ನು ಕೊಂಡೇ ತೀರಬೇಕೆಂದು ನಾನೂ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಪ್ರಣಿತಾ ಎಂಬ ಹುಡುಗಿ ಮಷೀನು ತೋರಿಸುತ್ತಿದ್ದಳು. ಮೊದಲು ಮರಾಠಿಯಲ್ಲಿ ಶುರುಮಾಡಿದವಳು ನಮ್ಮ ಮಾತು ಕೇಳಿ ಕನ್ನಡಕ್ಕೆ ಬಂದಳು. ಅವಳ ಅಪ್ಪನೂ ಇಚಲಕರಂಜಿಯಲ್ಲಿ ಮಗ್ಗ ನಡೆಸುವವನಂತೆ.

ಮಾಮಾ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಅದರೊಳಗೆ ಚುರಮುರಿ! ಅಂಗಡಿಯ ಹೊಳೆಯುವ ನೆಲದ ಮೇಲೆ ಒಂದು ಮುಷ್ಟಿ ಚೆಲ್ಲಿದರು.

“ಇದನ್ನ ಎಳಿಸವಾ. ಚುರಮುರಿ ಮುರೀದ ಡಬ್ಬ್ಯಾಗ ಬಂದ್ರ ಇರಿವೀನೂ ಉಳೀತೈತಿ.”

ಪ್ರಣಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದ ಗಿರಾಕಿಗಳೂ ಟಿವಿ ನೋಡುವುದು ಬಿಟ್ಟು ಇತ್ತ ಬಂದರು. ಮೊದಲನೆಯ ಮಷೀನು ಚುರಮುರಿಯನ್ನು ಹಿಟ್ಟು ಮಾಡಿತು. ಎರಡನೆಯದು ಅರ್ಧ ಮುರಿಯಿತು. ಮೂರನೆಯದರಲ್ಲಿ ಎಳೆತವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಇತ್ತು, ಒಳಗೆ ಕಾಣುವಂಥ ಡಬ್ಬಿ ಇತ್ತು. ಗುಂಡಿಯನ್ನು ಕೆಳಗಿಳಿಸಿ ಎಳೆಸಿದಳು. ಮಾಮಾ ಡಬ್ಬಿ ತೆಗೆದು, ಒಂದೊಂದು ಚುರಮುರಿಯನ್ನೂ ಅಂಗೈಗೆ ಹಾಕಿಕೊಂಡು ನೋಡಿದರು. ಎಲ್ಲ ಇಡಿಯಾಗಿದ್ದವು. ಮಗಳಿಗೆ ಗಂಡು ಒಪ್ಪಿದಂತೆ ಮುಖ ಅರಳಿಸಿ, “ಇದಽ! ಇದನ್ನ ಕಟ್ಟ!” ಎಂದರು.

“ತಡೀರಿ ಕಾಕಾ, ಮುಖ್ಯ ಮಾತು ಕೇಳ್ರಿ,” ಎಂದಳು ಪ್ರಣಿತಾ. “ದಮ್ಮಿನವರ ಮನಿಗಿ ಅಂದ್ರ ಫಿಲ್ಟರ್ ನೋಡಬೇಕ್ರಿ. ಇದರಾಗ ಛಲೋ ಫಿಲ್ಟರ್ ಐತಿ, ಹಿಂದಿಂದ ಬರೂ ಗಾಳ್ಯಾಗ ಸಣ್ಣ ಧೂಳ ಬರಂಗಿಲ್ಲ. ಆದ್ರ ಡಬ್ಬಿ ಮನ್ಯಾಗ ತಗೀಬ್ಯಾಡ್ರಿ. ಹೊರಗ ಒಯ್ದು, ಮಾರಿಗಿ ಬಟ್ಟಿ ಕಟಗೊಂಡು ಚೆಲ್ಲಬೇಕು. ದಮ್ಮಿದ್ದವರು ಅದರ ಹತ್ತಿರನೂ ಬರಬಾರದು. ಮನಿ ಎಲ್ಲಿರಿ ನಿಮ್ದು?”

“ಕಬನೂರ.”

“ಮನ್ಯಾಗ ಮಗ್ಗ ಅದಾವೇನ್ರಿ?”

ಮಾಮಾ ಕೇಳಿಸದವರಂತೆ ಬಿಲ್ಲು ಮಾಡುವವನ ಕಡೆಗೆ ದಬದಬ ನಡೆದರು. ನಾನು ಇನ್ನೂ ಆ ಚುರಮುರಿಯ ಗುಂಗಿನಲ್ಲೇ ನಗುತ್ತಿದ್ದೆ.

ಅಕ್ಕ ಕಬನೂರಕ್ಕೆ ಮರಳಿದಳು. ಮೊದಲ ವಾರ ಫೋನಿನಲ್ಲಿ ಮಷೀನಿನದೇ ಹೊಗಳಿಕೆ. ಎರಡನೇ ವಾರ ಮಾತು ಕಡಿಮೆಯಾಯಿತು. ಮೂರನೇ ವಾರ ಫೋನು ಎತ್ತುತ್ತಿದ್ದವರು ಮಾಮಾ. “ಮಲಗ್ಯಾಳ”, “ಬಸದಿಗಿ ಹೋಗ್ಯಾಳ”, “ಸ್ನಾನಕ್ಕ ಕುಂತಾಳ.” ನಾನೇನು ಕೂಸೇ? ನನಗೆ ಸಂಶಯ ಬಂತು. ಅಷ್ಟರಲ್ಲಿ ಒಂದು ಮುಂಜಾನೆ ಯಮನಪ್ಪನೇ ಫೋನು ಮಾಡಿದ.

“ಟೀಚರ್ರ, ಅವ್ವಾರಿಗಿ ದಮ್ಮ ಮೊದಲಿನಕಿಂತ ಜಾಸ್ತಿ ಆಗೇತ್ರಿ. ನಿನ್ನಿ ತುಟಿ ನೀಲಿ ಆಗಿದ್ದೂರಿ. ಮಾಲಕ್ರು ನಿಮಗ ತಿಳಸಬ್ಯಾಡ ಅಂದಾರ್ರಿ, ಖರೇ ನನಗ ಜೀವ ತಡೀಲಿಲ್ಲ.”

ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು ಬಸ್ಸು ಹತ್ತಿದೆ. ನಿಪ್ಪಾಣಿಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಕಂಡಕ್ಟರ ಚಹಾ ಕುಡಿಯುತ್ತ ನಿಂತದ್ದನ್ನು ಕಂಡು ಅವನನ್ನೂ ಬೈದೆ, ಪಾಪ, ಅವನದೇನು ತಪ್ಪು.

ಮನೆ ಮುಟ್ಟಿದಾಗ ಮಧ್ಯಾಹ್ನ. ಮಗ್ಗಗಳ ಗದ್ದಲದ ನಡುವೆ ಹಾದು ಒಳಗೆ ಹೋದೆ. ಕಂಡದ್ದು ಹೇಳಲೇ? ನಡುಮನೆಯಲ್ಲಿ ಒಂದು ಬಿಳಿ ಬಟ್ಟೆ ಹರಡಿ, ಅದರ ಮೇಲೆ ಮಷೀನಿನ ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರುವಿಕೊಂಡು ಅಕ್ಕ ಕೂತಿದ್ದಾಳೆ. ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಒಂದು ಕಡ್ಡಿ. ಮೂಗು ಧೂಳಿಗೆ ತಾಗುವಷ್ಟು ಬಗ್ಗಿ, ತುಪ್ಪಳವನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಾಳೆ. ಕೆಮ್ಮು ಬಂದಾಗ ನಿಲ್ಲಿಸುತ್ತಾಳೆ, ಕೆಮ್ಮು ನಿಂತ ಕೂಡಲೇ ಮತ್ತೆ ಬಗ್ಗುತ್ತಾಳೆ.

“ಅಕ್ಕಾ! ಏನ ಮಾಡಾಕತ್ತಿ?”

“ಶೋಧ... ಮಾಡಾಕತ್ತೇನಿ.” ಉಸಿರು ಎಳೆದುಕೊಂಡಳು. “ದಿನಾ ಮಾಡತೇನಿ. ನಿನ್ನಿ ಎರಡ ಇರಿವಿ... ಜೀವಂತ ಸಿಕ್ಕೂ. ಅಂಗಳದಾಗ ಬಿಟ್ಟೆ.”

ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ ನನಗೆ ಒಂದು ಕ್ಷಣ ಬಾಯಿಯೇ ಬರಲಿಲ್ಲ. ಮಷೀನು ನೆಲದಿಂದ ತೆಗೆದ ಧೂಳನ್ನು ಇವಳು ಕೂತು ಇಪ್ಪತ್ತು ದಿನ ಎದೆಗೆ ತುಂಬಿಕೊಂಡಿದ್ದಾಳೆ! ಆಮೇಲೆ ಬಾಯಿ ಬಂತು, ಓಣಿಗೆಲ್ಲ ಕೇಳುವಷ್ಟು ಬಂತು. ಅಕ್ಕನನ್ನು ಕೈ ಹಿಡಿದು ಎಬ್ಬಿಸಿ ಹಿತ್ತಿಲ ಕಟ್ಟೆಯ ಮೇಲೆ ಕೂಡಿಸಿದೆ. ಗದ್ದಲ ಕೇಳಿ ಓಡಿಬಂದ ಮಾಮಾನನ್ನು ಹಿಡಿದು ಝಾಡಿಸಿದೆ.

“ಆ ಹುಡಗಿ ಏನ ಹೇಳಿದ್ಳು? ದಮ್ಮಿದ್ದವರು ಡಬ್ಬಿ ಹತ್ತಿರ ಬರಬಾರದು ಅಂದಿರ್ಲಿಲ್ಲ? ಇಕಿಗೆ ಹೇಳಿದ್ರೇನ?”

“ಮರ್ತೆ,” ಎಂದರು ಮಾಮಾ. “ಇಕಿಗೆ ಇರಿವಿ ಉಳದ್ರ ಸಮಾಧಾನ ಅಂತ... ನಾನ ಡಬ್ಬಿ ತಗದು ಮುಂದ ಇಡತಿದ್ದೆ.”

ಅವರನ್ನು ಮಾತ್ರ ಬೈದು ಏನು ಬಂತು? ಆ ಮಾತನ್ನು ನಾನೂ ಕೇಳಿದ್ದೆ. ಚುರಮುರಿ ನೋಡಿ ನಗುವುದರಲ್ಲಿ ನಾನೂ ಅಕ್ಕನಿಗೆ ಹೇಳದೆ ಬಿಟ್ಟಿದ್ದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಲಕ್ಷ್ಯಗೊಟ್ಟು ಕೇಳಿರಿ ಎಂದು ಕಿವಿ ಹಿಂಡಿದವಳು ನಾನು. ನಾಚಿಕೆಯಾಯಿತು.

ಆ ಬಟ್ಟೆಯನ್ನು ಎತ್ತಿ ಹೊರಗೆ ಚೆಲ್ಲಬೇಕೆಂದು, ಸೆರಗು ಮೂಗಿಗೆ ಕಟ್ಟಿಕೊಂಡು ಬಗ್ಗಿದೆ. ಬಗ್ಗಿದವಳು ನಿಂತುಬಿಟ್ಟೆ. ಅದರಲ್ಲಿ ಮಣ್ಣೇ ಇರಲಿಲ್ಲ. ಇರುವೆಯೂ ಇರಲಿಲ್ಲ. ಬರೀ ಬಿಳಿ ತುಪ್ಪಳ, ನಡುನಡುವೆ ನೀಲಿ.

“ಮಾಮಾ, ಇದೆಲ್ಲಿಂದು?”

ಅವರು ಒಂದು ಚಿಟಿಕೆ ಎತ್ತಿ, ಬೆರಳ ನಡುವೆ ತಿಕ್ಕಿ ನೋಡಿದರು. “ಇದು ಐದನೇ ಮಗ್ಗದ್ದು. ನೀಲಿ ಬಾರ್ಡರ್ ಅದರ ಮ್ಯಾಲ ಅಷ್ಟಽ ಐತಿ,” ಎಂದು ಥಟ್ಟನೆ ಹೇಳಿದರು. ಹೇಳಿದ ಮೇಲೆ ಅವರ ಬೆರಳು ಅಲ್ಲೇ ನಿಂತಿತು.

ನನಗೆ ಆಸ್ಪತ್ರೆಯ ಬಾಗಿಲಲ್ಲಿ ಚಷ್ಮಾ ಒರೆಸುತ್ತಿದ್ದ ಮುಖ ನೆನಪಾಯಿತು. “ಡಾಕ್ಟರು ಆವತ್ತ ಒಳಗ ಕರದು ಏನಂದ್ರು? ನಿಮ್ಮ ಜಿನೇಂದ್ರನ ಆಣಿ, ಖರೇ ಹೇಳ್ರಿ.”

ಮಾಮಾ ಶೆಡ್ಡಿನ ಬಾಗಿಲ ಕಡೆ ನೋಡಿದರು, ನೆಲ ನೋಡಿದರು, ಕಡೆಗೆ ಕಟ್ಟೆಯ ಮೇಲೆ ಕೂತ ಅಕ್ಕನನ್ನು ನೋಡಿದರು.

“ಮಗ್ಗ ಮನಿಯಿಂದ ತಗೀರಿ ಅಂದ್ರು. ಇಲ್ಲಾಂದ್ರ ಇಕಿನ್ನ ಬ್ಯಾರೆ ಕಡೆ ಇಡ್ರಿ ಅಂದ್ರು. ಮಷೀನ ಎಲ್ಲಾ ಆಮ್ಯಾಲಿನ ಮಾತು ಅಂದ್ರು.”

ಅಕ್ಕನ ಎದೆ ಏರಿಳಿಯುತ್ತಿದ್ದದ್ದು ದೂರಕ್ಕೂ ಕಾಣುತ್ತಿತ್ತು.

“ನಮ್ಮ ದೋಸ್ತ ಕುಂಥುನಾಥನ ಶೆಡ್ಡ ಖಾಲಿ ಐತಿ,” ಎಂದು ಮಾಮಾ ತಾವಾಗಿಯೇ ಮುಂದುವರಿಸಿದರು. “ಬಾ, ನಿನ್ನ ಮಗ್ಗ ಹಾಕ ಅಂತ ಅವನಽ ಅಂದಾನ. ಆದ್ರ ಅದು ಊರ ಆಚೆ ಐತಿ. ಇಲ್ಲಿ ಮನ್ಯಾಗ ಕುಂತ್ರ ನನಗ ಕೇಳಸಂಗಿಲ್ಲ.”

“ಏನ ಕೇಳಸಂಗಿಲ್ಲ?” ಎಂದೆ ನಾನು.

“ಮಗ್ಗ.”

ಅಕ್ಕ ಕಟ್ಟೆ ಹಿಡಿದು ಎದ್ದು ನಿಂತಳು. ಸಿಟ್ಟಿನಲ್ಲಿ ಅವಳನ್ನು ನಾನು ನೋಡಿದ್ದೇ ಇಲ್ಲ.

“ಎಂಟ ಮಗ್ಗದಾಗ ಯಾವುದು ಕುಂಟತೈತಿ ಅನ್ನೂದು ನಿಮಗ ಒಳಗ ಕುಂತು ಕೇಳಸ್ತೈತಿ. ನನ್ನ ಕೆಮ್ಮ ಕೇಳಸಲಿಲ್ಲೇನ್ರಿ? ಒಂದಽ ಮನ್ಯಾಗ ಇದ್ದೆ ನಾ.”

ಬಾಗಿಲಲ್ಲಿ ನಿಂತಿದ್ದ ಯಮನಪ್ಪ ತಲೆ ತಗ್ಗಿಸಿ ಒಳಗೆ ಹೋದ.

ಅಕ್ಕ ತಾನೇ ಚೀಲ ತುಂಬಿದಳು. ನಾಲ್ಕು ಸೀರೆ, ಜಪಮಾಲೆ, ನೀರು ಸೋಸುವ ಬಟ್ಟೆ, ಗುಳಿಗೆ. “ನಂದೂ ತಪ್ಪೈತಿ. ಇರಿವಿ ನೋಡಿದೆ, ನನ್ನ ನೋಡಕೊಳ್ಳಲಿಲ್ಲ,” ಎಂದು ನನಗೆ ಹೇಳಿದಳು. ಮಾಮಾ ಬಸ್ಸಿನವರೆಗೂ ಬಂದರು. ಕಿಟಕಿಯ ಹತ್ತಿರ ನಿಂತು ಒಮ್ಮೆ ಆ ಕಾಲ ಮೇಲೆ, ಒಮ್ಮೆ ಈ ಕಾಲ ಮೇಲೆ ಭಾರ ಹಾಕುತ್ತ, “ಮಷೀನ ಏನ ಮಾಡ್ಲಿ?” ಎಂದು ಕೇಳಿದರು. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಅಕ್ಕ ಮಾತ್ರ ಶಾಂತವಾಗಿ ಹೇಳಿದಳು.

“ಇಟಗೋರಿ. ಮಗ್ಗ ಹೋದ ಮ್ಯಾಲ ಮನಿ ಎಲ್ಲಾ ನೀವಽ ಹೊಡೀರಿ. ಆಮ್ಯಾಲೆ ಬರತೇನಿ. ಮಗ್ಗ ಹೋಗಲಿಲ್ಲಾಂದ್ರ ಬರಂಗಿಲ್ಲ.”

ಮುಂದೆ ಒಂದು ತಿಂಗಳು ಹೇಗೆ ಕಳೆಯಿತೋ. ಮಾಮಾ ದಿನಾಲೂ ಸಂಜೆ ಫೋನು ಮಾಡುತ್ತಿದ್ದರು. ಊಟವಾಯಿತೇ, ಗುಳಿಗೆ ತಗೊಂಡಿಯಾ, ಅಲ್ಲಿ ಮಳೆಯೇ ಎಂದು ಕೇಳುತ್ತಿದ್ದರು. ಮಗ್ಗದ ಮಾತು ಅವರು ತೆಗೆಯಲಿಲ್ಲ, ಇವಳು ಕೇಳಲಿಲ್ಲ. ಅಕ್ಕನ ಉಸಿರು ಮತ್ತೆ ಹದಕ್ಕೆ ಬಂತು, ಆದರೆ ಮನಸ್ಸು ನಿಲ್ಲಲಿಲ್ಲ. ಹಿಟ್ಟು ನಾದುವಾಗ ಕೈ ನಿಲ್ಲಿಸಿ ಕೂಡುತ್ತಿದ್ದಳು. ರಸ್ತೆಯಲ್ಲಿ ಬಸ್ಸು ನಿಂತರೆ ಬಾಗಿಲಿಗೆ ಬರುತ್ತಿದ್ದಳು. ಈ ಹಟಮಾರಿ ಮುದುಕ ಮಗ್ಗವನ್ನೇ ಕಟ್ಟಿಕೊಂಡು ಕೂತುಬಿಟ್ಟರೆ ನನ್ನಕ್ಕನ ಗತಿಯೇನು ಎಂದು ನನಗೂ ಚಿಂತೆಯಾಗುತ್ತಿತ್ತು.

ಒಂದು ದಿನ ಯಮನಪ್ಪ ನನಗೆ ಗುಟ್ಟಾಗಿ ತಿಳಿಸಿದ. ಎರಡೆರಡೇ ಮಗ್ಗವನ್ನು ಟ್ರ್ಯಾಕ್ಟರಿಗೆ ಹೇರಿ ಸಾಗಿಸುತ್ತಿದ್ದಾರಂತೆ. ಪ್ರತಿ ಸಲವೂ ಮಾಲಕರು ಟ್ರಾಲಿಯ ಹಿಂದೆ ಕುಂಥುನಾಥನ ಶೆಡ್ಡಿನವರೆಗೂ ಬಿಸಿಲಲ್ಲಿ ನಡೆದೇ ಹೋಗುತ್ತಾರಂತೆ. ಅಕ್ಕನಿಗೆ ನಾನು ಹೇಳಲಿಲ್ಲ. ಅವರ ಬಾಯಿಂದಲೇ ಬರಲಿ ಎಂದು ತಡೆದುಕೊಂಡೆ.

ಒಂದು ಗುರುವಾರ ಸಂಜೆ, ಹೊತ್ತು ಮುಳುಗುವ ಮೊದಲು ನಾವು ಊಟಕ್ಕೆ ಕೂತಿದ್ದೆವು. ಫೋನು ಬಂತು. ಅಕ್ಕನ ಕೈ ಎಂಜಲಾಗಿತ್ತು, ನಾನೇ ಗುಂಡಿ ಒತ್ತಿ ನಡುವೆ ಇಟ್ಟೆ.

“ಎಲ್ಲಾ ಹೋದ್ವು,” ಎಂದರು ಮಾಮಾ. “ಮೂರ ದಿನ ಆತು.”

“ಹೌದ್ರಿ?” ಎಂದಳು ಅಕ್ಕ.

“ಮೂರ ದಿನದಿಂದ ಮಷೀನ ಹೊಡ್ಯಾಕತ್ತೇನಿ. ಮೊದಲನೇ ದಿನ ನಾಕ ಸಲ ಡಬ್ಬಿ ತುಂಬ್ತು. ಹೊರಗ ಒಯ್ದು, ಮಾರಿಗಿ ಬಟ್ಟಿ ಕಟಗೊಂಡು ಚೆಲ್ಲೇನಿ. ಇವತ್ತ ಇಡೀ ಮನಿ ಹೊಡದ್ರೂ ತಳ ಮುಚ್ಚಲಿಲ್ಲ. ನೀ ಬಾ. ನನಗ ಈ ಮನ್ಯಾಗ ಎಲ್ಲಿ ಕುಂಡರಬೇಕು ತಿಳಿವಲ್ದು. ಏನೂ ಕೇಳಸವಲ್ದು.”

ಆಮೇಲೆ ಅಳುವ ಸದ್ದು ಬಂತು. ಎಪ್ಪತ್ತರ ಹತ್ತಿರದ ಗಂಡಸು ಮೂಗು ಎಳೆದುಕೊಂಡು, ತಡೆದು ತಡೆದು ಅಳುತ್ತಿದ್ದ ಸದ್ದು, ಒಂದೊಂದು ಉಸಿರೂ ಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟು ದಿನ ಬೈಯಬೇಕೆಂದು ಕೂಡಿಟ್ಟುಕೊಂಡ ಮಾತನ್ನೆಲ್ಲ ನಾನು ಮರೆತೆ.

“ಅಳಬ್ಯಾಡ್ರಿ. ಮುಂಜಾನಿ ಮೊದಲನೇ ಬಸ್ಸಿಗೆ ಬರತೇನಿ,” ಎಂದಳು ಅಕ್ಕ.

ಫೋನು ಇಟ್ಟ ಮೇಲೆ ಅವಳು ತುತ್ತು ಎತ್ತಲಿಲ್ಲ. ತಾಟನ್ನೇ ನೋಡುತ್ತ ಕೂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

“ನಲವತ್ತ ವರ್ಷದಾಗ ಅವರು ಅತ್ತದ್ದು ನಾ ಒಮ್ಮೆನೂ ಕೇಳಿಲ್ಲ ರತ್ನಾ,” ಎಂದಳು. “ಅತ್ತಿದ್ರೋ ಏನೋ. ಆ ಸಪ್ಪಳದಾಗ ನನಗರ ಎಲ್ಲಿ ಕೇಳಸ್ತಿತ್ತು?”